ತರಬೇತಿಯ ವರ್ಷ ದಂಡವಲ್ಲ, ದುಡ್ಡು ಕೊಟ್ಟು ಕೊಳ್ಳುವ ಸರಕೂ ಅಲ್ಲ



ರಾಗಿ ಬಿತ್ತನೆ ಮುಗಿದು ಕುಂಟೆ ಹೊಡೆಯುವ ಹೊತ್ತಿಗೆ ಕಾಲೇಜುಗಳ ಫಲಿತಾಂಶವೂ ಬರುತ್ತದೆ. ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಲೂರು ಕಡೆಯ ಹಳ್ಳಿಗಳಲ್ಲಿ ಪದವಿ ಮುಗಿಸಿದ ಮಗನೋ ಮಗಳೋ ಇಲ್ಲದ ಬೀದಿ ಈಗ ಅಪರೂಪ. ಬಿ.ಕಾಂ., ಬಿ.ಎಸ್ಸಿ., ಬಿ.ಇ., ಡಿಪ್ಲೊಮಾ ಹೀಗೆ ಯಾವುದೋ ಒಂದು ಅಂಕಪಟ್ಟಿ ಪೆಟ್ಟಿಗೆ ಸೇರಿದೆ. ಕಾರ್ಖಾನೆಗಳೂ ಕಂಪನಿಗಳೂ ದೂರವಿಲ್ಲ. ಎಷ್ಟೋ ಕಡೆ ಹೊಲದ ಬದುವಿನ ಮೇಲೆ ನಿಂತರೆ ಅವುಗಳ ಕಟ್ಟಡ ಕಾಣುತ್ತದೆ. ಆದರೆ ಅರ್ಜಿ ಹಿಡಿದು ಹೋದ ಹುಡುಗನಿಗೆ ಗೇಟಿನಲ್ಲಿ ಎದುರಾಗುವ ಪ್ರಶ್ನೆ ಒಂದೇ: "ಅನುಭವ ಎಷ್ಟು ವರ್ಷ?" ಅನುಭವವಿಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸ ಕೊಡದಿದ್ದರೆ ಅನುಭವ ಬರುವುದಿಲ್ಲ.

ಈ ಗಂಟನ್ನು ಬಿಚ್ಚಲು ಇರುವ ದಾರಿ ತರಬೇತಿ. ಇದನ್ನು ಕೆಲವೆಡೆ ಇಂಟರ್ನ್‌ಶಿಪ್ ಎನ್ನುತ್ತಾರೆ, ಕೆಲವೆಡೆ ಅಪ್ರೆಂಟಿಸ್ ತರಬೇತಿ ಎನ್ನುತ್ತಾರೆ. ಕೃಷಿ ಪುಟದಲ್ಲಿ ಈ ಮಾತೇಕೆ ಎಂದು ಕೆಲವರು ಕೇಳಬಹುದು. ಮಕ್ಕಳ ಓದಿನ ಖರ್ಚು ಬಂದದ್ದು ಹೊಲದಿಂದ, ರೇಷ್ಮೆ ಗೂಡಿನಿಂದ, ಹಾಲಿನ ಡೇರಿಯಿಂದ. ಓದು ಮುಗಿದ ಮೇಲೆ ದಾರಿ ತಪ್ಪಿದರೆ ಅಡಮಾನಕ್ಕೆ ಹೋಗುವುದೂ ಅದೇ ಹೊಲ. ಆದ್ದರಿಂದ ಬಿತ್ತನೆ ಬೀಜವನ್ನು ಪರೀಕ್ಷಿಸಿ ಕೊಳ್ಳುವಷ್ಟೇ ಎಚ್ಚರ ಈ ವಿಷಯದಲ್ಲೂ ಬೇಕು.

ತರಬೇತಿ ನಮಗೆ ಹೊಸದಲ್ಲ

ಇಂಟರ್ನ್‌ಶಿಪ್ ಎಂಬ ಪದ ಹೊಸದಾಗಿ ಕೇಳಿಸಬಹುದು, ಆದರೆ ಅದರ ಪದ್ಧತಿ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವುದೇ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಕೊನೆಯ ವರ್ಷದಲ್ಲಿ ಹಳ್ಳಿಗೆ ಬಂದು ನೆಲೆಸುವುದನ್ನು ನೀವು ನೋಡಿದ್ದೀರಿ. ಅದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹೆಸರು. ಪುಸ್ತಕದಲ್ಲಿ ಬೀಜೋಪಚಾರ ಓದಿದ ಹುಡುಗರು ನಿಮ್ಮ ಅಂಗಳದಲ್ಲಿ ಕೂತು ಬೀಜಕ್ಕೆ ಔಷಧಿ ಬೆರೆಸುವುದನ್ನು ಕಲಿಯುತ್ತಾರೆ. ಮಣ್ಣಿನ ಮಾದರಿ ತೆಗೆಯುತ್ತಾರೆ, ಗ್ರಾಮ ಸಭೆಯಲ್ಲಿ ಕೂರುತ್ತಾರೆ. ಮಳೆ ಕೈಕೊಟ್ಟಾಗ ರೈತ ಹೇಗೆ ನಿರ್ಧಾರ ಮಾಡುತ್ತಾನೆ ಎಂಬುದನ್ನು ಕಣ್ಣಾರೆ ನೋಡುತ್ತಾರೆ. ಕೃಷಿ ಪದವಿ ಓದಿದ ನಮ್ಮಂಥವರಿಗೆ ಅಲ್ಲಿ ಕಲಿತದ್ದು ತರಗತಿಯ ಪಾಠಕ್ಕಿಂತ ಹೆಚ್ಚು ದಿನ ಕೈಹಿಡಿದಿದೆ. ಆ ಕೆಲವು ತಿಂಗಳು ನಿಮ್ಮ ಹೊಲವೇ ಕಾರ್ಯಾಗಾರ, ನೀವೇ ಮೇಷ್ಟರು. ನಿಮ್ಮ ಮಗನಿಗೆ ಪೀಣ್ಯದ ಕಾರ್ಖಾನೆಯಲ್ಲೋ ವೈಟ್‌ಫೀಲ್ಡ್‌ನ ಕಚೇರಿಯಲ್ಲೋ ಬೇಕಾಗಿರುವುದು ಇಂಥದೇ ಅವಕಾಶ.

ಬೆಂಗಳೂರಿನ ಕೈಗಾರಿಕೆಯಲ್ಲೂ ಇದು ಹಳೆಯ ಪದ್ಧತಿ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಅಪ್ರೆಂಟಿಸ್ ಆಗಿ ಒಳಗೆ ಹೋಗಿ ಕುಶಲ ಕೆಲಸಗಾರರಾಗಿ ನಿವೃತ್ತರಾದ ಹಿರಿಯರು ಈ ಭಾಗದ ಊರುಗಳಲ್ಲಿ ಇಂದಿಗೂ ಇದ್ದಾರೆ. 1961ರಲ್ಲಿ ಅಪ್ರೆಂಟಿಸ್ ಕಾಯಿದೆ ಅಂಗೀಕಾರವಾಯಿತು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವಿ, ಡಿಪ್ಲೊಮಾ ಪಡೆದವರೂ ಅದರ ವ್ಯಾಪ್ತಿಗೆ ಸೇರಿದರು. 2014ರ ತಿದ್ದುಪಡಿ ಎಂಜಿನಿಯರಿಂಗ್ ಓದದ ಪದವೀಧರರಿಗೂ ಬಾಗಿಲು ತೆರೆಯಿತು. ಬಿ.ಎ., ಬಿ.ಕಾಂ. ಓದಿದವರಿಗೆ ಇದು ಸಲ್ಲದು ಎಂಬ ಭಾವನೆ ಇನ್ನೂ ಹಳ್ಳಿಗಳಲ್ಲಿದೆ. ಅದು ತಪ್ಪು.

ರಾಜಾಜಿನಗರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನು, ಎಂದರೆ ಜಿಟಿಟಿಸಿಯನ್ನು, ಇಲ್ಲಿ ನೆನೆಯಬೇಕು. ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಆರಂಭವಾದ ಸಂಸ್ಥೆಯಿದು. ಅಚ್ಚು ಮತ್ತು ಉಪಕರಣ ತಯಾರಿಕೆಯ ಡಿಪ್ಲೊಮಾಕ್ಕೆ ಸೇರಿದವರು ಮೂರು ವರ್ಷ ಕಲಿತು, ನಾಲ್ಕನೆಯ ವರ್ಷ ಕಾರ್ಖಾನೆಯೊಂದರಲ್ಲಿ ತರಬೇತಿ ಪಡೆಯುತ್ತಾರೆ. ಓದಿನ ಒಳಗೇ ಅನುಭವವನ್ನು ಸೇರಿಸಿದ ಕ್ರಮವಿದು. ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಬಿ.ಇ. ಪಠ್ಯಕ್ರಮದಲ್ಲೂ ಇಂಟರ್ನ್‌ಶಿಪ್ ಕಡ್ಡಾಯವಾಗಿದೆ. ಅದನ್ನು ಮಗ ಎಲ್ಲಿ ಮಾಡಿದ, ಏನು ಕಲಿತ ಎಂದು ತಂದೆತಾಯಿ ವಿಚಾರಿಸಬೇಕು. ಹಾಜರಿ ಇಲ್ಲದೆ ಪ್ರಮಾಣಪತ್ರ ತಂದುಕೊಂಡರೆ ಗೊಬ್ಬರ ಹಾಕದೆ ಗೊಬ್ಬರದ ರಸೀದಿ ಇಟ್ಟುಕೊಂಡಂತೆ.

ಕಾಯಿದೆ ಏನು ಹೇಳುತ್ತದೆ

ಇಂಟರ್ನ್‌ಶಿಪ್ ಮತ್ತು ಅಪ್ರೆಂಟಿಸ್ ತರಬೇತಿಗೆ ಒಂದು ಮುಖ್ಯ ವ್ಯತ್ಯಾಸವಿದೆ. ಇಂಟರ್ನ್‌ಶಿಪ್‌ಗೆ ಪ್ರತ್ಯೇಕ ಕಾಯಿದೆಯಿಲ್ಲ. ಕಂಪನಿ ಬರೆದುಕೊಟ್ಟ ಪತ್ರವೇ ಆಧಾರ. ಅಪ್ರೆಂಟಿಸ್‌ಗೆ 1961ರ ಕಾಯಿದೆಯ ಬಲವಿದೆ. ಎರಡೂ ಸಿಗುವಂತಿದ್ದರೆ, ಪದವಿ ಮುಗಿದವರು ಅಪ್ರೆಂಟಿಸ್ ಸ್ಥಾನವನ್ನೇ ಮೊದಲು ನೋಡುವುದು ಕ್ಷೇಮ.

2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, ಗುತ್ತಿಗೆ ನೌಕರರೂ ಸೇರಿ 30 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಒಟ್ಟು ಸಿಬ್ಬಂದಿಯ ಶೇ 2.5ಕ್ಕೆ ಕಡಿಮೆಯಿಲ್ಲದಂತೆ, ಶೇ 15ಕ್ಕೆ ಮೀರದಂತೆ ಈ ಸಂಖ್ಯೆ ಇರಬೇಕು. ಎಂದರೆ 200 ಜನ ಇರುವ ಕಾರ್ಖಾನೆಯಲ್ಲಿ ಕಡಿಮೆಯೆಂದರೆ 5 ಮಂದಿ, ಹೆಚ್ಚೆಂದರೆ 30 ಮಂದಿ ಅಪ್ರೆಂಟಿಸ್‌ಗಳು ಇರಬೇಕಾಗುತ್ತದೆ.

ಅದೇ ನಿಯಮಗಳು ಗೊತ್ತುಮಾಡಿದ ತಿಂಗಳ ಕನಿಷ್ಠ ಶಿಷ್ಯವೇತನ ಪದವೀಧರರಿಗೆ 9,000 ರೂಪಾಯಿ, ಡಿಪ್ಲೊಮಾ ಆದವರಿಗೆ 8,000, ಐಟಿಐ ಪ್ರಮಾಣಪತ್ರ ಇದ್ದವರಿಗೆ 7,000. ಇದನ್ನು ಶೇ 36ರಷ್ಟು ಏರಿಸಬೇಕೆಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆದಕಾರಣ ಸೇರುವ ದಿನ ಯಾವ ದರ ಜಾರಿಯಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ಇದು ಕನಿಷ್ಠ ದರ. ಹೆಚ್ಚು ಕೊಡಲು ಕಂಪನಿಗೆ ಅಡ್ಡಿಯಿಲ್ಲ.

ಕರಾರು ಪತ್ರ ನೋಂದಣಿ ಆಗಬೇಕು. ಸುರಕ್ಷತೆಯ ನಿಯಮಗಳು ಅಪ್ರೆಂಟಿಸ್‌ಗೂ ಅನ್ವಯಿಸುತ್ತವೆ. ತರಬೇತಿಯ ವೇಳೆ ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದ್ದು. ಪವರ್ ಪ್ರೆಸ್, ಲೇತ್ ಓಡುವ ಜಾಗಕ್ಕೆ ಮಕ್ಕಳನ್ನು ಕಳಿಸುವವರು ಇದನ್ನು ಮರೆಯಬಾರದು. ಅಪ್ರೆಂಟಿಸ್‌ಶಿಪ್ ಸಲಹಾಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ.

ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. ತರಬೇತಿ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕೆಂದು ಕಾಯಿದೆ ಹೇಳುವುದಿಲ್ಲ. ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಹೀಗಿರುವಾಗ "ಸೇರಿದರೆ ಕಾಯಂ ಗ್ಯಾರಂಟಿ" ಎಂದು ಮಧ್ಯವರ್ತಿ ಹೇಳಿದರೆ ನಂಬಬೇಡಿ.

ಕೂಲಿಗಿಂತ ಕಡಿಮೆ ಅಲ್ಲವೇ?

ತರಬೇತಿಯ ಮಾತೆತ್ತಿದರೆ ರೈತರು ಆಡುವ ಮೊದಲ ಮಾತು ಇದು, ಮತ್ತು ಇದು ನ್ಯಾಯವಾದ ಮಾತು. 9,000 ರೂಪಾಯಿಯನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 346 ರೂಪಾಯಿ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ ಎಂದು ಗೊತ್ತಾಗಿತ್ತು. ಹದಿನೈದು ವರ್ಷ ಓದಿದ ಮಗನಿಗೆ ಬದು ಹಾಕುವ ಕೆಲಸಕ್ಕಿಂತ ಕಡಿಮೆಯೇ ಎಂದು ತಂದೆ ಕೇಳಿದರೆ ಅವನನ್ನು ದೂರುವಂತಿಲ್ಲ. ಬೈಕಿನಲ್ಲಿ ಊಟದ ಪೊಟ್ಟಣ ಹಂಚುವ ಕೆಲಸಕ್ಕೋ ಗೇಟಿನ ಕಾವಲಿಗೋ ಹೋದರೆ ಮೊದಲ ತಿಂಗಳಿಂದಲೇ ಕೈಗೆ ಹಣ ಬರುತ್ತದೆ ಎಂಬ ಆಸೆಯೂ ಸಹಜ.

ಆದರೆ ಈ ಲೆಕ್ಕವನ್ನು ಒಂದು ವರ್ಷಕ್ಕೆ ನಿಲ್ಲಿಸಬಾರದು. ರಾಗಿಯನ್ನು ನಾಟಿ ಮಾಡುವವರು ಮೊದಲು ಒಟ್ಟಲು ಬಿಡುತ್ತಾರೆ. ಆ ಮೂರು ನಾಲ್ಕು ವಾರ ಪಾತಿಯಿಂದ ಯಾವ ಫಸಲೂ ಬರುವುದಿಲ್ಲ. ನೀರು, ಗೊಬ್ಬರ, ಆರೈಕೆ ಎಲ್ಲವೂ ಖರ್ಚೇ. ಆದರೂ ಅದನ್ನು ನಷ್ಟವೆಂದು ಯಾರೂ ಬರೆಯುವುದಿಲ್ಲ. ಬೈಕಿನ ಕೆಲಸದಲ್ಲಿ ಐದನೆಯ ವರ್ಷವೂ ಮೊದಲ ವರ್ಷದ ಕೆಲಸವೇ. ಮೈಕ್ರೋಮೀಟರ್ ಹಿಡಿದು ಅಳತೆ ನೋಡುವುದನ್ನು, ಸಿಎನ್‌ಸಿ ಯಂತ್ರ ಹೊಂದಿಸುವುದನ್ನು, ಜಿಎಸ್‌ಟಿ ಲೆಕ್ಕ ಬರೆಯುವುದನ್ನು, ಸಾಫ್ಟ್‌ವೇರ್ ಪರೀಕ್ಷಿಸುವುದನ್ನು ಕಲಿತವನಿಗೆ ಮುಂದಿನ ಕಂಪನಿಯಲ್ಲಿ ಹೇಳಿಕೊಳ್ಳಲು ಒಂದು ಮಾತಿರುತ್ತದೆ. ದುಡಿದು ಬದುಕುವ ಯಾವ ಕೆಲಸವೂ ಕೀಳಲ್ಲ. ಆದರೆ ಯಾವ ಕೆಲಸ ಕೈಗೆ ವಿದ್ಯೆ ಕೊಡುತ್ತದೆ ಎಂಬುದನ್ನು ನೋಡಿ ಆರಿಸಿಕೊಳ್ಳಬೇಕು.

ಹಾಗೆಂದು ಒಟ್ಟಲಿನಲ್ಲೇ ಪೈರನ್ನು ಬಲಿಯಲು ಬಿಡಬಾರದು ಎಂಬುದೂ ನಿಮಗೆ ಗೊತ್ತು. ವಯಸ್ಸು ಮೀರಿದ ಪೈರು ನಾಟಿ ಮಾಡಿದರೆ ತೆಂಡೆ ಕಡಿಮೆ. ಒಂದು ಕಡೆ ಆರು ತಿಂಗಳು, ಇನ್ನೊಂದು ಕಡೆ ಆರು ತಿಂಗಳು ಎಂದು ಮೂರು ವರ್ಷ ತರಬೇತಿಯಲ್ಲೇ ಕಳೆಯುವ ಯುವಕರೂ ಇದ್ದಾರೆ. ಇಂಥವರನ್ನು ಅಗ್ಗದ ಆಳಾಗಿ ಬಳಸಿಕೊಳ್ಳುವ ಸಂಸ್ಥೆಗಳೂ ಇವೆ. ಒಂದು ವರ್ಷ ಸಾಕು. ಅದರ ನಂತರ ಸಂಬಳದ ಕೆಲಸ ಕೇಳಲೇಬೇಕು.

ಖರ್ಚನ್ನೂ ಮೊದಲೇ ಬರೆದು ನೋಡಿ. ಶಿಷ್ಯವೇತನ 9,000 ಬಂದು, ಪೇಟೆಯಲ್ಲಿ ಕೋಣೆ ಬಾಡಿಗೆ ಮತ್ತು ಊಟಕ್ಕೆ 8,500 ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಉಳಿಯುವುದು 500 ರೂಪಾಯಿ. ಬಸ್ಸು, ಬಟ್ಟೆ, ಫೋನಿನ ಖರ್ಚಿಗೆ ಮನೆಯಿಂದ ಹಣ ಕಳಿಸಬೇಕಾಗುತ್ತದೆ. ಅದೇ ಹುಡುಗ ಮನೆಯಿಂದ ಓಡಾಡುವಂತಿದ್ದರೆ ಶಿಷ್ಯವೇತನದ ಬಹುಪಾಲು ಉಳಿಯುತ್ತದೆ. ಮೆಟ್ರೊ ರೈಲು 2023ರಲ್ಲಿ ವೈಟ್‌ಫೀಲ್ಡ್‌ಗೂ 2024ರಲ್ಲಿ ತುಮಕೂರು ರಸ್ತೆಯ ಮಾದಾವರಕ್ಕೂ 2025ರಲ್ಲಿ ಬೊಮ್ಮಸಂದ್ರಕ್ಕೂ ಬಂದಿರುವುದರಿಂದ ಸುತ್ತಲ ಹಳ್ಳಿಯವರಿಗೆ ಓಡಾಟ ಮೊದಲಿಗಿಂತ ಸುಲಭ. ದೊಡ್ಡ ಹೆಸರಿನ ದೂರದ ಕಂಪನಿಗಿಂತ ಹತ್ತಿರದ ಸಾಧಾರಣ ಕಾರ್ಖಾನೆ ಎಷ್ಟೋ ಸಲ ಲೇಸು. ಸಣ್ಣ ಕಾರ್ಖಾನೆಯಲ್ಲಿ ಒಬ್ಬನೇ ನಾಲ್ಕು ಕೆಲಸ ಕಲಿಯುವ ಅವಕಾಶವೂ ಇರುತ್ತದೆ.

ದುಡ್ಡು ಕೇಳುವವರಿಂದ ದೂರವಿರಿ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಇಂಟರ್ನ್‌ಶಿಪ್ ಕೊಡಿಸುತ್ತೇವೆ, ಆಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಖಚಿತ ಎಂದು ಹೇಳಿ ಹಣ ಕಟ್ಟಿಸಿಕೊಳ್ಳುವ ಏಜೆಂಟರು ಹಳ್ಳಿಗಳ ತನಕ ಬಂದಿದ್ದಾರೆ. ಇದಕ್ಕೆ ನೋಂದಣಿ ಶುಲ್ಕ, ತರಬೇತಿ ಶುಲ್ಕ, ಭದ್ರತಾ ಠೇವಣಿ ಎಂದು ನಾನಾ ಹೆಸರು. ಹಸು ಮಾರಿ, ಒಡವೆ ಗಿರವಿ ಇಟ್ಟು ಈ ಹಣ ಕಟ್ಟಿದವರುಂಟು. ಕೆಲವು ತಿಂಗಳ ನಂತರ ಫೋನು ಬಂದ್, ಕಚೇರಿಗೆ ಬೀಗ.

ಕಲಿಯಲು ಕಾಲೇಜಿಗೆ ಶುಲ್ಕ ಕಟ್ಟುವುದು ಬೇರೆ, ಕಂಪನಿಯಲ್ಲಿ ದುಡಿಯಲು ಹಣ ಕೊಡುವುದು ಬೇರೆ. ತರಬೇತಿಯಲ್ಲಿ ನಿಮ್ಮ ಮಗ ಮಾಡಿದ ಕೆಲಸದಿಂದ ಕಂಪನಿಗೆ ಪ್ರಯೋಜನವಿದೆ. ಅಷ್ಟೇ ಅಲ್ಲ, ಅಪ್ರೆಂಟಿಸ್ ಯೋಜನೆಗಳಲ್ಲಿ ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಹೀಗಿರುವಾಗ ಹಣ ನಿಮ್ಮಿಂದ ಅತ್ತ ಹೋಗಲು ಕಾರಣವೇ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕೊಟ್ಟು ಬರುವುದೂ ಬೇಡ. ಮೂಲ ಪ್ರತಿ ತೋರಿಸಿ, ನಕಲು ಕೊಡಿ. ಪಹಣಿಯ ಮೂಲ ದಾಖಲೆಯನ್ನು ಯಾರ ಕೈಗಾದರೂ ಕೊಟ್ಟು ಬರುತ್ತೀರಾ? ಇದೂ ಹಾಗೆಯೇ.

ಸರ್ಕಾರದ ಮೂಲಕ ಹೋಗುವ ದಾರಿಗಳು ಇವೆ. ಪದವಿ, ಡಿಪ್ಲೊಮಾ ಆದವರಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ, ಎಂದರೆ ನ್ಯಾಟ್ಸ್. ನಮ್ಮ ಭಾಗಕ್ಕೆ ಇದನ್ನು ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್ ತರಬೇತಿ ಮಂಡಳಿ ನೋಡಿಕೊಳ್ಳುತ್ತದೆ. ಐಟಿಐ ಮತ್ತು ಇತರರಿಗೆ 2016ರಲ್ಲಿ ಆರಂಭವಾದ ನ್ಯಾಪ್ಸ್ ಯೋಜನೆಯಿದೆ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಆಗಿನ ನಿಯಮದಂತೆ 21ರಿಂದ 24 ವಯಸ್ಸಿನವರಿಗೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರದಿದ್ದರೆ, ದೊಡ್ಡ ಕಂಪನಿಗಳಲ್ಲಿ 12 ತಿಂಗಳ ತರಬೇತಿ ಮತ್ತು ತಿಂಗಳಿಗೆ 5,000 ರೂಪಾಯಿ. ಇವುಗಳಿಗೆ ನೋಂದಣಿ ಮಾಡಿಸಲು ಏಜೆಂಟ್ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕಂಪ್ಯೂಟರ್ ಇದ್ದರೆ ಅಲ್ಲೇ ಮಾಡಬಹುದು. ಓದಿದ ಕಾಲೇಜಿನಲ್ಲಿ ವಿಚಾರಿಸಬಹುದು.

ಹೆಣ್ಣುಮಕ್ಕಳನ್ನು ತಡೆಯಬೇಡಿ

ಪದವಿಯಲ್ಲಿ ಮೊದಲ ದರ್ಜೆ ಪಡೆದ ಮಗಳನ್ನು, ಒಂಬತ್ತು ಸಾವಿರಕ್ಕೆ ಅಷ್ಟು ದೂರ ಏಕೆ ಎಂದು ಮನೆಯಲ್ಲಿ ಉಳಿಸಿಕೊಳ್ಳುವುದು ನಡೆದೇ ಇದೆ. ಅದೇ ಮನೆಯಲ್ಲಿ ಎರಡನೆಯ ದರ್ಜೆಯ ಮಗನಿಗೆ ಸಾಲ ಮಾಡಿ ಕೋಣೆ ಹಿಡಿದುಕೊಡುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಆನೇಕಲ್ಲಿನಿಂದ ಎಲೆಕ್ಟ್ರಾನಿಕ್ ಸಿಟಿಗೆ, ಹೊಸಕೋಟೆಯಿಂದ ವೈಟ್‌ಫೀಲ್ಡ್ ಕಡೆಗೆ, ನೆಲಮಂಗಲದಿಂದ ಪೀಣ್ಯಕ್ಕೆ ಹೋಗಿ ಬರುವ ಖರ್ಚು ಮಗನಿಗಿಂತ ಮಗಳಿಗೇ ಕಡಿಮೆ.

ಸುರಕ್ಷತೆಯ ಚಿಂತೆ ಸಹಜ. ಅದಕ್ಕೆ ಮನೆಯಲ್ಲಿ ಕೂರಿಸುವುದು ಪರಿಹಾರವಲ್ಲ, ಕೇಳಬೇಕಾದ್ದನ್ನು ಕೇಳಬೇಕು. ರಾತ್ರಿ ಪಾಳಿ ಇದೆಯೇ, ಇದ್ದರೆ ಕಂಪನಿಯ ವಾಹನ ಮನೆಯ ತನಕ ಬರುತ್ತದೆಯೇ ಎಂದು ವಿಚಾರಿಸಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯಿದೆಯ ಪ್ರಕಾರ 10 ಅಥವಾ ಹೆಚ್ಚು ಜನ ಇರುವ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಬೇಕು. ತರಬೇತಿಗೆ ಬಂದವರಿಗೂ ಅಪ್ರೆಂಟಿಸ್‌ಗಳಿಗೂ ಆ ರಕ್ಷಣೆ ಉಂಟು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಮೊದಲ ದಿನವೇ ತಿಳಿದುಕೊಳ್ಳುವಂತೆ ಮಗಳಿಗೆ ಹೇಳಿ.

ಸರ್ಕಾರಕ್ಕೂ ಉದ್ಯಮಿಗಳಿಗೂ ಒಂದು ಮಾತು

ಈ ಕೈಗಾರಿಕಾ ಪ್ರದೇಶಗಳು ಬಯಲಿನಲ್ಲಿ ತಾವಾಗಿ ಎದ್ದವಲ್ಲ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ. ಪೀಣ್ಯ, ವೈಟ್‌ಫೀಲ್ಡ್, ಬೊಮ್ಮಸಂದ್ರ, ಜಿಗಣಿಗಳೂ ಹಳ್ಳಿಯ ನೆಲದ ಮೇಲೆಯೇ ಬೆಳೆದವು. ಭೂಮಿ ಹೋದ ಊರಿನ ಮಕ್ಕಳಿಗೆ ಕೆಲಸ ಎಂಬ ಮಾತು ಅಂದಿನಿಂದಲೂ ಇದೆ. ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ವರದಿ ಕೊಟ್ಟಿತು. 2024ರ ಜುಲೈನಲ್ಲಿ ಖಾಸಗಿ ಉದ್ದಿಮೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಗಳ ವಿರೋಧ ಬಂದ ಮೇಲೆ ತಡೆಹಿಡಿಯಿತು.

ಆ ವಾದ ವಿವಾದ ಮುಗಿಯಲು ಎಷ್ಟು ಕಾಲವೋ. ಅಲ್ಲಿಯತನಕ ಕೈಕಟ್ಟಿ ಕೂರಬೇಕಾಗಿಲ್ಲ. ಅಪ್ರೆಂಟಿಸ್ ಕಾಯಿದೆ ಈಗಾಗಲೇ ಜಾರಿಯಲ್ಲಿದೆ. ಅದಕ್ಕೆ ಹೊಸ ಮಸೂದೆ ಬೇಕಿಲ್ಲ. ಪ್ರತಿಯೊಂದು ಕೈಗಾರಿಕಾ ಪ್ರದೇಶದಲ್ಲೂ 30ಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಯಾವುವು, ಅಲ್ಲಿ ಎಷ್ಟು ಅಪ್ರೆಂಟಿಸ್‌ಗಳಿರಬೇಕು, ಎಷ್ಟಿದ್ದಾರೆ ಎಂಬ ಪಟ್ಟಿಯನ್ನು ಸುತ್ತಲ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ವರ್ಷಕ್ಕೊಮ್ಮೆ ಹಾಕಬೇಕು. ಖಾಲಿ ಸ್ಥಾನಗಳ ಸುದ್ದಿ ಏಜೆಂಟರಿಗಿಂತ ಮೊದಲು ಗ್ರಾಮ ಸಭೆಗೆ ಮುಟ್ಟಬೇಕು. ಗ್ರಾಮ ಸಭೆಗಳು ಇದನ್ನು ನಿರ್ಣಯ ಮಾಡಿ ಕೇಳಬೇಕು. ತರಬೇತಿಗೆ ಸೇರಿದವರ ಸಂಖ್ಯೆಯನ್ನೇ ಉದ್ಯೋಗ ಸಿಕ್ಕವರ ಸಂಖ್ಯೆ ಎಂದು ತೋರಿಸುವ ಅಭ್ಯಾಸವನ್ನು ಅಧಿಕಾರಿಗಳು ಬಿಡಬೇಕು. ಬಿತ್ತಿದ ಎಕರೆಯೇ ಬೇರೆ, ಕೊಯ್ದ ಮೂಟೆಯೇ ಬೇರೆ.

ಸಹಿ ಮಾಡುವ ಮುನ್ನ

ಮಗನೋ ಮಗಳೋ ತರಬೇತಿಗೆ ಹೊರಟಾಗ ಈ ಆರು ಪ್ರಶ್ನೆಗಳನ್ನು ಕೇಳಿ:

1. ನಾವು ಏನಾದರೂ ಹಣ ಕೊಡಬೇಕೇ? ಹೌದೆಂದರೆ ಅಲ್ಲಿಗೇ ನಿಲ್ಲಿಸಿ.

2. ಇದು ನೋಂದಣಿಯಾದ ಅಪ್ರೆಂಟಿಸ್ ಕರಾರೇ, ಬರಿಯ ಇಂಟರ್ನ್‌ಶಿಪ್ ಪತ್ರವೇ? ಎಷ್ಟು ತಿಂಗಳು?

3. ತಿಂಗಳಿಗೆ ಶಿಷ್ಯವೇತನ ಎಷ್ಟು? ಬ್ಯಾಂಕ್ ಖಾತೆಗೆ ಬರುತ್ತದೆಯೇ?

4. ಕಲಿಸುವ ಮೇಲ್ವಿಚಾರಕರು ಯಾರು, ಯಾವ ಯಂತ್ರ ಅಥವಾ ಯಾವ ವಿಭಾಗ? ಉತ್ತರ ಇಲ್ಲದಿದ್ದರೆ ಕಲಿಸುವ ಉದ್ದೇಶವೂ ಇಲ್ಲ.

5. ಪೆಟ್ಟಾದರೆ ಚಿಕಿತ್ಸೆ, ಪರಿಹಾರದ ಏರ್ಪಾಡು ಏನು?

6. ಕೊನೆಗೆ ಪ್ರಮಾಣಪತ್ರ ಕೊಡುವವರು ಯಾರು? ಹಿಂದಿನ ವರ್ಷ ತರಬೇತಿ ಪಡೆದವರು ಈಗ ಎಲ್ಲಿದ್ದಾರೆ?

ಆರನೆಯ ಪ್ರಶ್ನೆಗೆ ಉತ್ತರವನ್ನು ಕಂಪನಿಯವರಲ್ಲಿ ಮಾತ್ರ ಕೇಳಬೇಡಿ. ಹಿಂದೆ ಅಲ್ಲಿ ಕಲಿತ ಹುಡುಗರನ್ನೇ ಹುಡುಕಿ ಮಾತನಾಡಿಸಿ. ಹೊಸ ತಳಿ ಬಿತ್ತುವ ಮೊದಲು ಪಕ್ಕದೂರಿನವರ ಹೊಲ ನೋಡಿ ಬರುವುದಿಲ್ಲವೇ?

ಯುವಕರಿಗೂ ಒಂದು ಮಾತು. ದಿನವೂ ಏನು ಮಾಡಿದೆ, ಏನು ಕೆಟ್ಟಿತು, ಹೇಗೆ ಸರಿಯಾಯಿತು ಎಂದು ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡಿ. ಮುಂದಿನ ಸಂದರ್ಶನದಲ್ಲಿ ಪ್ರಮಾಣಪತ್ರಕ್ಕಿಂತ ಅದು ನೆರವಿಗೆ ಬರುತ್ತದೆ. ಲೇತಿನ ಕೆಳಗಿನ ಕಬ್ಬಿಣದ ಚೂರು ಗುಡಿಸಲು ಹೇಳಿದರೆ ಪದವೀಧರ ಎಂದು ಹಿಂಜರಿಯಬೇಡಿ. ಆದರೆ ಮೂರು ತಿಂಗಳಾದರೂ ಗುಡಿಸುವುದನ್ನೇ ಹೇಳಿದರೆ ಮೇಲ್ವಿಚಾರಕರ ಬಳಿ ಹೋಗಿ ಯಂತ್ರದ ಕೆಲಸ ಕೇಳಿ.

ವರ್ಷ ಮುಗಿದ ಮೇಲೆ ಊರಿಗೇ ಮರಳುವವರೂ ಇರುತ್ತಾರೆ. ಅವರನ್ನು ಸೋತು ಬಂದವರೆಂದು ಆಡಿಕೊಳ್ಳಬಾರದು. ಯಂತ್ರ ಬಿಚ್ಚಿ ಜೋಡಿಸಲು ಕಲಿತವನಿಗೆ ಟ್ರ್ಯಾಕ್ಟರ್, ಟಿಲ್ಲರ್, ಪಂಪ್‌ಸೆಟ್ ರಿಪೇರಿಯ ಕೆಲಸ ಹಳ್ಳಿಯಲ್ಲೇ ಉಂಟು. ಲೆಕ್ಕ ಕಲಿತವಳು ರೈತ ಉತ್ಪಾದಕರ ಕಂಪನಿಯ ಪುಸ್ತಕ ಬರೆಯಬಲ್ಲಳು. ಈ ಸಂಚಿಕೆ ಓದಿದವರು ವಾಚನಾಲಯದಲ್ಲಿ ಕೂತಿರುವ ಪದವೀಧರ ಹುಡುಗರಿಗೆ ಇದನ್ನು ಓದಲು ಕೊಡಿ. ಮುಂದಿನ ಗ್ರಾಮ ಸಭೆಯಲ್ಲಿ ಅಪ್ರೆಂಟಿಸ್ ಪಟ್ಟಿಯ ಮಾತನ್ನು ಮರೆಯದೆ ಎತ್ತಿ.